ಪಾಸಾಗದ ಏಳನೇ ನಂಬರು

ನನಗೆ ಸಂಗೀತ ಗೊತ್ತಿಲ್ಲ. ರಾಗ ಯಾವುದು, ತಾಳ ಯಾವುದು ಅಂತ ಕೇಳಿದರೆ ಕಣ್ಣು ಕಣ್ಣು ಬಿಡುತ್ತೇನೆ. ಇದನ್ನು ತಲೆ ತಗ್ಗಿಸಿ ಹೇಳುತ್ತಿಲ್ಲ. ಬಳ್ಳಾರಿಯಲ್ಲಿ ಒಂದು ಬೇಸಿಗೆಯಿಡೀ ಇದೇ ಮಾತನ್ನು ಮುಖಕ್ಕೆ ಹಿಡಿದು ನನ್ನ ಬಾಯಿ ಮುಚ್ಚಿಸಲು ನೋಡಿದವರಿದ್ದರು. ನಾನು ಮುಚ್ಚಲಿಲ್ಲ. ಅದನ್ನು ಹೇಳುವುದಕ್ಕೇ ಈಗ ಬರೆಯಲು ಕೂತಿದ್ದೇನೆ.

ಮೊನ್ನೆ ಬ್ರೂಸ್‌ಪೇಟೆಯ ಬಟ್ಟೆ ಅಂಗಡಿಯಲ್ಲಿ ಸೀರೆ ನೋಡುತ್ತಿದ್ದೆ. ಅಂಗಡಿಯವನು ಒಳಗಿನಿಂದ ಹಳೆಯ ಸ್ಟಾಕು ತಂದು ಮುಂದೆ ಹರವಿದ. ಡಾಂಬರು ಗುಳಿಗೆಯ ವಾಸನೆ ಗಪ್ಪನೆ ಮೂಗಿಗೆ ಬಡಿಯಿತು. ಸೀರೆ ಅಲ್ಲೇ ಉಳಿಯಿತು, ನಾನು ಕುರುಗೋಡಿನ ಎರ್ರಿಸ್ವಾಮಿ ಸಾರ್ ಮನೆಯಲ್ಲಿದ್ದೆ. ಅವರ ಮನೆಯಲ್ಲಿ ಆರು ಕಬ್ಬಿಣದ ಟ್ರಂಕುಗಳಿದ್ದವು. ಆರರಲ್ಲೂ ದೊಡ್ಡ ಕಪ್ಪು ತಟ್ಟೆಯಂಥ ಗ್ರಾಮಫೋನ್ ರೆಕಾರ್ಡುಗಳು, ಒಂದೊಂದರಲ್ಲೂ ಒಂದು ಹಿಡಿ ಡಾಂಬರು ಗುಳಿಗೆ. ಈ ತಟ್ಟೆಗೆ ಯಾವ ಹುಳ ಬೀಳುತ್ತದೆ ಎಂದು ಒಮ್ಮೆ ಕೇಳಿದ್ದೆ. "ತಟ್ಟಿಗಲ್ಲವಾ, ಮ್ಯಾಲಿನ ರಟ್ಟಿಗೆ" ಎಂದಿದ್ದರು.

ಸಾರ್ ನನಗೆ ಸಿರುಗುಪ್ಪದ ಹೈಸ್ಕೂಲಿನಲ್ಲಿ ಲೆಕ್ಕ ಕಲಿಸಿದವರು. ಲೆಕ್ಕ ನನಗೆ ಬರಲಿಲ್ಲ, ಅದು ಅವರ ತಪ್ಪಲ್ಲ. ಪಾಠವಿಲ್ಲದ ಪಿರಿಯಡ್ಡಿನಲ್ಲಿ ಒಂದು ದಿನ ಅವರು ಕ್ಲಾಸಿಗೆಲ್ಲ ಒಂದು ಹಾಡು ಹೇಳಿ, ಹೇಗಿತ್ತು ಎಂದು ಕೇಳಿದರು. ಎಲ್ಲರೂ ಭಾಳ ಚಲೋ ಐತಿ ಸಾರ್ ಎಂದು ಚಪ್ಪಾಳೆ ತಟ್ಟಿದರು. ನಾನೊಬ್ಬಳೇ ಎದ್ದು ನಿಂತು, "ಮೂಗಿನ್ಯಾಗ ಹಾಡಿದ್ರಿ ಸಾರ್" ಎಂದೆ. ಬೆಂಚಿನ ಮೇಲೆ ನಿಲ್ಲಿಸುತ್ತಾರೆ ಎಂದುಕೊಂಡಿದ್ದೆ. ಅವರು ನಕ್ಕು ಮತ್ತೊಮ್ಮೆ ಹಾಡಿದರು, ಈ ಸಲ ಬಾಯಿಯಿಂದ.

ಆಮೇಲೆ ನಾನು ಮದುವೆಯಾಗಿ ಬಳ್ಳಾರಿಗೆ ಬಂದೆ. ಜೀನ್ಸ್ ಹೊಲಿಯುವ ಯೂನಿಟ್ ಒಂದರಲ್ಲಿ ಚೆಕಿಂಗ್ ಕೆಲಸ ಹಿಡಿದೆ. ನಲವತ್ತು ಮಿಷನ್ ಓಡುವ ಹಾಲಿನ ಕೊನೆಗೆ, ಕಿಟಕಿ ಪಕ್ಕ ನನ್ನ ಟೇಬಲ್ಲು. ಹೊಲಿದು ಬಂದ ಪ್ಯಾಂಟನ್ನು ಮೊದಲು ಒಳಮೈ ತಿರುವಿ ನೋಡಬೇಕು, ಹೊರಗಿನಿಂದ ಎಲ್ಲಾ ಪ್ಯಾಂಟೂ ಚೆನ್ನಾಗಿಯೇ ಕಾಣುತ್ತದೆ. ಹೊಲಿಗೆ ಬಿಟ್ಟಿದ್ದರೆ ಸೀಮೆಸುಣ್ಣದ ಗೆರೆ ಎಳೆದು, ತಿದ್ದಿ ಹೊಲಿಯಲೆಂದು ಆಲ್ಟರ್‌ಗೆ ಹಾಕಬೇಕು. ಬಟ್ಟೆಯೇ ಹೋಗಿದ್ದರೆ ರಿಜೆಕ್ಟ್. ಉಳಿದದ್ದು ಪಾಸ್. ಬಂಡಲ್ ಮೇಲೆ ನಂಬರ್ ಇರುತ್ತದೆಯೇ ಹೊರತು ಹೊಲಿದವರ ಹೆಸರಿರುವುದಿಲ್ಲ. ನಮ್ಮ ಓಣಿಯವಳು ಹೊಲಿದದ್ದು ಅಂತ ಗೊತ್ತಾದರೆ ಇರುವ ತಪ್ಪು ಕಾಣುವುದಿಲ್ಲ, ಜಗಳ ಆಡಿದವಳದು ಅಂತ ಗೊತ್ತಾದರೆ ಇಲ್ಲದ ತಪ್ಪೂ ಕಾಣುತ್ತದೆ. ಹನ್ನೊಂದು ವರ್ಷದಲ್ಲಿ ನಾನು ಕಲಿತ ವಿದ್ಯೆ ಇಷ್ಟೇ.

ಶಿವರಾತ್ರಿ ಮುಗಿದ ವಾರ ಸಿರುಗುಪ್ಪದಲ್ಲಿ ಸಂಬಂಧಿಕರ ಮದುವೆ. ಆರ್ಕೆಸ್ಟ್ರಾದವರು ಕಿವಿ ಹರಿಯುವಂತೆ ಹಾಡುತ್ತಿದ್ದರು. ಊಟದ ಸಾಲಿನಲ್ಲಿ ಪಕ್ಕಕ್ಕೆ ಬಂದು ಕೂತವರು ಎರ್ರಿಸ್ವಾಮಿ ಸಾರ್. ಎಪ್ಪತ್ತರ ಹತ್ತಿರದ ಮನುಷ್ಯ, ಅದೇ ಬಿಳಿ ಅಂಗಿ, ಅದೇ ಜೇಬಿನ ಪೆನ್ನು.

"ಹುಲಿಗೆಮ್ಮ ಅಲ್ಲೇನು? ಹೆಂಗೈತವಾ ಹಾಡು?" ಎಂದು ಕೇಳಿದರು.

"ಹುಡುಗಿ ಚಲೋ ಹಾಡ್ತಾಳ್ರಿ. ಆ ಹುಡುಗ ಮಾತ್ರ ನಡಬರಕ ಹೊಲಿಗಿ ಬಿಡ್ತಾನ" ಎಂದೆ.

ಸಾರ್ ಅನ್ನ ಕಲಸುವುದನ್ನು ನಿಲ್ಲಿಸಿದರು. ನಲವತ್ತು ವರ್ಷದಿಂದ ಅವರು ರೆಕಾರ್ಡು ಕೂಡಿಟ್ಟವರು. ಪ್ರಪಂಚದ ಬೇರೆ ಬೇರೆ ಸಂಗೀತದಿಂದ ಒಂದೊಂದು ದೊಡ್ಡ ಆಲ್ಬಮ್ ಆರಿಸಿ, ಒಟ್ಟು ಮೂವತ್ತೆರಡರ ಬಗ್ಗೆ ಪುಸ್ತಕ ಬರೆಯುತ್ತಿದ್ದರು. ಬಳ್ಳಾರಿಯಲ್ಲಿ ಸಂಗೀತ ಕೇಳುವವರದೊಂದು ಬಳಗವಿತ್ತು, ಅದನ್ನು ಅಚ್ಚು ಹಾಕಿಸುವುದು ಆ ಬಳಗದ ಹೊಣೆ. ಪ್ರತಿ ಆಲ್ಬಮ್ಮಿನ ಬಗ್ಗೆ ಸಾರ್ ಬರೆದದ್ದರ ಕೆಳಗೆ, ಸಂಗೀತದ ಗಂಧಗಾಳಿ ಇಲ್ಲದ ಒಬ್ಬರ ಎರಡು ಸಾಲು ಇರಬೇಕು ಎಂಬುದು ಅವರ ಆಸೆ. ಅಂಥವರು ಇಷ್ಟು ದಿನ ಸಿಕ್ಕಿರಲಿಲ್ಲವಂತೆ. ಕೇಳಿದವರೆಲ್ಲ ಅವರ ಮುಖ ನೋಡಿ ಹೊಗಳುತ್ತಿದ್ದರು.

"ಎರಡೆರಡು ಸಲ ಕೇಳು. ಅನಿಸಿದ್ದು ಬರಿ. ನಿನ್ನ ಹೆಸರು ಹಾಕಿ ಪ್ರಿಂಟ್ ಮಾಡಸ್ತೀನಿ" ಎಂದರು.

ಹೆಸರು ಅಚ್ಚಾಗುತ್ತದೆ ಎಂದಾಗ ನನಗೆ ಆದದ್ದನ್ನು ಮುಚ್ಚಿಡುವುದಿಲ್ಲ. ನಾನು ನೋಡಿದ ಲಕ್ಷಗಟ್ಟಲೆ ಪ್ಯಾಂಟು ಊರೂರಿಗೆ ಹೋಗಿವೆ, ಒಂದರ ಮೇಲೂ ನನ್ನ ಗುರುತಿಲ್ಲ. ಒಂದು ಷರತ್ತು ಹಾಕಿ ಒಪ್ಪಿಕೊಂಡೆ. ಹಾಡಿದವರು ಯಾರು, ಯಾವ ದೇಶ, ಎಷ್ಟು ದೊಡ್ಡವರು ಅಂತ ನನಗೆ ಹೇಳಬಾರದು, ನಂಬರ್ ಮಾತ್ರ ಹಾಕಿ ಕೊಡಬೇಕು. ಸಾರ್ ಖುಷಿಯಿಂದ ತಲೆ ಆಡಿಸಿದರು.

ಹೀಗೆ ಆ ಬೇಸಿಗೆ ಶುರುವಾಯಿತು. ಸಾರ್ ರೆಕಾರ್ಡುಗಳನ್ನು ಒಂದೊಂದಾಗಿ ಫೋನಿಗೆ ಇಳಿಸಿ ಕಳಿಸುತ್ತಿದ್ದರು. ಮನೆಯಲ್ಲಿ ಕೇಳಲು ನನಗೆಲ್ಲಿ ಪುರುಸೊತ್ತು? ಯೂನಿಟ್ಟಿನಲ್ಲೇ ಕೇಳುತ್ತಿದ್ದೆ. ಎಡಗಿವಿಗೆ ಇಯರ್‌ಫೋನು, ಬಲಗಿವಿ ನಮ್ಮ ಸೂಪರ್‌ವೈಸರ್ ಖಾಜಾಸಾಬರ ಕೂಗಿಗೆ. ಕೈಯಲ್ಲಿ ಪ್ಯಾಂಟು. ಅನಿಸಿದ್ದನ್ನು ಚೆಕಿಂಗ್ ಚೀಟಿಯ ಹಿಂಭಾಗದಲ್ಲಿ ಬರೆದು, ಭಾನುವಾರ ಕುರುಗೋಡಿನ ಬಸ್ಸು ಹತ್ತಿ ಕೊಟ್ಟು ಬರುತ್ತಿದ್ದೆ.

ಒಂದನೇ ನಂಬರಿನಲ್ಲಿ ಒಬ್ಬರೂ ಹಾಡುವುದಿಲ್ಲ. ಎಂಬತ್ತು ನೂರು ಜನ ಸೇರಿ ಪಿಟೀಲು ಕೊಯ್ಯುತ್ತಾರೆ, ತುತ್ತೂರಿ ಊದುತ್ತಾರೆ. "ಎಲ್ಲಾರೂ ಸೇರಿ ದೊಡ್ಡ ಬಾಗಿಲು ನೂಕ್ತಾರ. ತೆಗಿತೈತಿ. ಯಾಕೋ ಮತ್ತ ಮುಚ್ಚತಾರ. ಪಾಸ್" ಎಂದು ಬರೆದೆ. ಮೂರನೆಯದು ಇಂಗ್ಲಿಷ್ ಹುಡುಗರದು, ಗಿಟಾರ್ ಹಿಡಿದು ಅರಚುತ್ತಾರೆ. ಮಾತು ಒಂದೂ ತಿಳಿಯಲಿಲ್ಲ. ಆದರೆ ಆ ಸಿಟ್ಟು ಸುಳ್ಳಲ್ಲ ಎಂದು ಗೊತ್ತಾಯಿತು, ನನಗೂ ಸಿಟ್ಟು ಬರುತ್ತದಲ್ಲ. "ಡ್ರಮ್ ಬಡಿಯೋನಿಗೆ ಹೊಟ್ಟಿ ತುಂಬ ಊಟ ಹಾಕ್ರಿ. ಪಾಸ್." ಐದನೆಯದು ಕವ್ವಾಲಿ. ಎರಡು ಸಲ ಅಂದಿದ್ದರೂ ಆರು ಸಲ ಕೇಳಿದೆ. ಖಾಜಾಸಾಬರು ಬಂಡಲ್ ಕೇಳಲು ಬಂದವರು ಒಂದು ಕಡೆಯ ಇಯರ್‌ಫೋನು ಕಿತ್ತು ತಮ್ಮ ಕಿವಿಗಿಟ್ಟುಕೊಂಡು ಅಲ್ಲೇ ನಿಂತುಬಿಟ್ಟರು. ಆ ದಿನ ಬಂಡಲ್ ತಡವಾಗಿ ಹೋಯಿತು, ಯಾರೂ ಬೈಯಲಿಲ್ಲ.

ವೀಣೆಯದೊಂದು ಆಲ್ಬಮ್ಮಿಗೆ "ಪಾತ್ರಿ ತೊಳಿಯೋ ಸದ್ದಿನಂಗ ದೂರದಾಗ ಏನೋ ಕೇಳತೈತಿ. ಆಲ್ಟರ್" ಎಂದು ಬರೆದೆ. ಕಂಪನಿ ನಾಟಕದ ಹಾಡುಗಳಿಗೆ, ಎದೆಗೆ ಬಾಣ ಬಿದ್ದ ರಾಜನಿಗೆ ಇಷ್ಟುದ್ದ ಉಸಿರು ಎಲ್ಲಿಂದ ಬಂತು ಎಂದು ಕೇಳಿ ಪಾಸ್ ಮಾಡಿದೆ. ಒಂದು ವಚನಗಾಯನದ ಆಲ್ಬಮ್ಮಿನಲ್ಲಿ ಕೊಳಲು, ಗೆಜ್ಜೆ, ಹಕ್ಕಿ ಕೂಗು ಎಲ್ಲವನ್ನೂ ತುಂಬಿದ್ದರು. ಮನೆಯಲ್ಲಿ ದಿನಾ ವಚನ ಹೇಳಿಕೊಂಡು ಬೆಳೆದವಳು ನಾನು, ನನಗೆ ರೇಗಿತು. "ಶರಣರ ಮಾತು ಸೀದಾ ಇತ್ತು. ಇವರು ಅದಕ್ಕ ಜರಿ ಹಚ್ಚಿ ಕೆಡಿಸ್ಯಾರ. ರಿಜೆಕ್ಟ್." ಹದಿನಾಲ್ಕನೆಯದರಲ್ಲಿ ಹಾಡೂ ಇಲ್ಲ, ವಾದ್ಯವೂ ಇಲ್ಲ, ಬರೀ ಯಂತ್ರದ ಟಕ ಟಕ. ಯಾರೋ ಪರದೇಶದವರು ಬಂದು ಬಟ್ಟೆಯಂಚು ಹೊಲಿಯುವ ನಮ್ಮ ಓವರ್‌ಲಾಕ್ ಮಿಷನ್ನನ್ನು ಕದ್ದು ರೆಕಾರ್ಡ್ ಮಾಡಿಕೊಂಡು ಹೋಗಿದ್ದಾರೆ ಎಂದೇ ಅನಿಸಿತು. ಮಿಷನ್ ಮೇಲಿದ್ದ ಹುಡುಗಿಯರಿಗೆಲ್ಲ ಕೇಳಿಸಿದೆ, ಬಿದ್ದು ಬಿದ್ದು ನಕ್ಕರು. ಅದಕ್ಕೆ ಡಬಲ್ ಪಾಸ್ ಕೊಟ್ಟೆ.

ಏಳನೆಯದು ಬಂದದ್ದು ಯುಗಾದಿಯ ಹಿಂದಿನ ವಾರ. ಒಬ್ಬ ಗಂಡಸು, ಒಂದು ತಂಬೂರಿ. ಇಪ್ಪತ್ತು ನಿಮಿಷ ಕಾದೆ. ಏನೂ ಆಗಲಿಲ್ಲ. ನಡುವೆ ನಡುವೆ ಗೊಣಗಿದಂತೆ ಏನೋ ಕೇಳಿಸುತ್ತಿತ್ತು, ಮತ್ತೆ ಹೋಗುತ್ತಿತ್ತು. ಮಾತು ಕೊಟ್ಟಿದ್ದಕ್ಕೆ ಎರಡನೇ ಸಲವೂ ಕೇಳಿದೆ, ಆಗಲೂ ಅಷ್ಟೇ. "ಡ್ರೈವರ್ ಇಂಜಿನ್ ಚಾಲೂ ಮಾಡಿ ಚಾ ಕುಡಿಯಾಕ ಹೋಗ್ಯಾನ. ಬಸ್ಸು ಬಿಡೋದ ಇಲ್ಲ. ರಿಜೆಕ್ಟ್" ಎಂದು ಬರೆದು ಚೀಟಿ ಮಡಚಿದೆ. ಸಾರ್ ಅದನ್ನು ಓದಿ ಉಳಿದ ಚೀಟಿಗಳ ಕೆಳಗಿಟ್ಟರು.

ಹತ್ತೊಂಬತ್ತನೆಯದು ನನ್ನ ಜೊತೆ ಸಿರುಗುಪ್ಪಕ್ಕೆ ಬಂತು. ಅವ್ವನಿಗೆ ಜ್ವರ ಎಂದು ತಮ್ಮ ಫೋನ್ ಮಾಡಿದ್ದ. ಹೋಗಿ ನೋಡಿದರೆ ಜ್ವರ ಬಿಟ್ಟಿತ್ತು, ಅವ್ವ ಕಟ್ಟೆಯ ಮೇಲೆ ಕೂತು ಅಕ್ಕಿ ಹಸನು ಮಾಡುತ್ತಿದ್ದಳು. ನಾನು ಇಯರ್‌ಫೋನು ತೆಗೆದು ಫೋನನ್ನೇ ಮುಂದಿಟ್ಟೆ. ಒಬ್ಬ ಮುದುಕ ಮುರುಕು ಗಿಟಾರ್ ಮೀಟುತ್ತ ಇಂಗ್ಲಿಷಿನಲ್ಲಿ ಹಾಡುತ್ತಿದ್ದ. ಸಾಲಿನ ಕೊನೆಯನ್ನು ಎಳೆದು ಎಳೆದು ಕೆಳಗೆ ಬಿಡುತ್ತಿದ್ದ. ಗದ್ದೆಯಲ್ಲಿ ನಾಟಿ ಹಚ್ಚುವಾಗ ಅವ್ವ ಪದ ಹೇಳುತ್ತಿದ್ದದ್ದೂ ಹೀಗೆಯೇ, ಬಗ್ಗಿದ ಬೆನ್ನು ನೋವಾದಾಗ ಕೊನೆಯ ಅಕ್ಷರವನ್ನು ನೀರಿನೊಳಗೆ ಇಳಿಬಿಡುತ್ತಿದ್ದಳು. ಅವ್ವ ಮೊರ ಕೆಳಗಿಟ್ಟು ಕೇಳಿದಳು.

"ಯಾರವಾ ಇಂವ? ಪಾಪ, ಉಂಡಾನೋ ಇಲ್ಲೋ" ಎಂದಳು.

ಆ ಮಾತನ್ನೇ ಚೀಟಿಯಲ್ಲಿ ಬರೆದು, ಕೆಳಗೆ ಅವ್ವನ ಹೆಸರು ಹಾಕಿ ಪಾಸ್ ಮಾಡಿದೆ. ಅದನ್ನು ಓದಿ ಸಾರ್ ಕನ್ನಡಕ ತೆಗೆದು ಒರೆಸಿಕೊಂಡರು. "ನಾನು ನಾಕು ಪುಟ ಬರದೀನಿ, ಇದರ ಮುಂದ ಅದು ದಂಡ" ಎಂದರು. ಆ ದಿನ ಬಸ್ಸಿನಲ್ಲಿ ವಾಪಸ್ಸು ಬರುವಾಗ ಬಿಸಿಗಾಳಿ ಮುಖಕ್ಕೆ ರಾಚುತ್ತಿದ್ದರೂ ನನಗೆ ತಂಪಾಗಿತ್ತು.

ಬೇಸಿಗೆ ಬಲಿಯಿತು. ಬಳ್ಳಾರಿಯ ಬಿಸಿಲನ್ನು ಹೊಸಬರಿಗೆ ವರ್ಣಿಸಬೇಕು, ನಮಗೆ ಬೇಕಿಲ್ಲ. ಬೆಳಿಗ್ಗೆ ಒಂಬತ್ತಕ್ಕೇ ಯೂನಿಟ್ಟಿನ ತಗಡಿನ ಸೂರು ಕಾಯುತ್ತಿತ್ತು, ಪ್ಯಾಂಟಿನ ಬಟನ್ ಮುಟ್ಟಿದರೆ ಕೈ ಸುಡುತ್ತಿತ್ತು. ಮೂವತ್ತೆರಡೂ ಮುಗಿದವು. ಮೇ ತಿಂಗಳಲ್ಲಿ ಒಂದು ದಿನ ಸಾರ್ ಪುಸ್ತಕದ ಪ್ರೂಫ್ ಕಳಿಸಿದರು. ಊಟದ ಹೊತ್ತಿಗೆ ಹುಡುಗಿಯರೆಲ್ಲ ಡಬ್ಬಿ ಹಿಡಿದು ನನ್ನ ಟೇಬಲ್ ಸುತ್ತ ಸೇರಿದರು. ಅಕ್ಕನ ಹೆಸರು ಬಂದೈತಿ ಎಂದು ಒಬ್ಬೊಬ್ಬರೂ ಮುಟ್ಟಿ ಮುಟ್ಟಿ ನೋಡಿದರು.

ಏಳನೇ ನಂಬರಿನ ಪುಟಕ್ಕೆ ಬಂದೆ. ಸಾರ್ ಬರೆದ ಲೇಖನದ ಕೆಳಗೆ ಹೀಗೆ ಅಚ್ಚಾಗಿತ್ತು: "ಈ ದಿವ್ಯ ಗಾನವನ್ನು ಕೇಳಿ ನನ್ನ ಕಣ್ಣುಗಳಿಂದ ಆನಂದಬಾಷ್ಪ ಸುರಿಯಿತು. ನನ್ನ ಜನ್ಮ ಸಾರ್ಥಕವಾಯಿತು. ಹುಲಿಗೆಮ್ಮ, ಬಳ್ಳಾರಿ."

ಆನಂದಬಾಷ್ಪ ಎಂಬ ಪದವನ್ನು ನಾನು ಜನ್ಮದಲ್ಲಿ ಬಾಯಿಂದ ಆಡಿದವಳಲ್ಲ. ಹುಡುಗಿಯರ ಕೈಯಿಂದ ಹಾಳೆ ತೆಗೆದುಕೊಂಡು ಮಡಚಿದೆ. ಖಾಜಾಸಾಬರಿಗೆ ಅರ್ಧ ದಿನ ರಜೆ ಹೇಳಿ, ಮಟಮಟ ಮಧ್ಯಾಹ್ನ ಕುರುಗೋಡಿನ ಬಸ್ಸು ಹತ್ತಿದೆ.

ಸಾರ್ ಬನಿಯನ್ನಿನಲ್ಲಿ ಕೂತು ರೆಕಾರ್ಡೊಂದನ್ನು ಮೆತ್ತನೆಯ ಬಟ್ಟೆಯಿಂದ ಒರೆಸುತ್ತಿದ್ದರು. ನಾನು ನೀರೂ ಕೇಳದೆ ಪ್ರೂಫನ್ನು ಅವರ ಮುಂದಿಟ್ಟೆ.

"ಇದನ್ನ ಯಾರು ಬರದದ್ದು ಸಾರ್?"

"ಬಳಗದ ಅಧ್ಯಕ್ಷರು ಅದಾರಲ್ಲ, ವಕೀಲರು, ಅವರು..." ಎಂದು ಶುರು ಮಾಡಿದವರು ನಿಲ್ಲಿಸಿದರು. ಒರೆಸುತ್ತಿದ್ದ ಬಟ್ಟೆಯನ್ನು ಮಡಚಿದರು. "ಅವರು ತಿದ್ದಸ್ರಿ ಅಂದ್ರು. ಬರದಾಂವ ನಾನೇ."

ವಕೀಲರೇ ಬರೆದಿದ್ದರೆ ನನಗೆ ಇಷ್ಟು ನೋವಾಗುತ್ತಿರಲಿಲ್ಲ.

ಏಳನೇ ನಂಬರಿನ ಗಾಯಕರು ಯಾರೆಂದು ಸಾರ್ ಆಗ ಹೇಳಿದರು. ಅವರು ಈಗಿಲ್ಲ. ಆ ಬಳಗ ಹುಟ್ಟಿದ್ದೇ ಅವರ ಹೆಸರಿನಲ್ಲಿ, ವಕೀಲರ ಮನೆಯಲ್ಲಿ ಅವರ ಫೋಟೋಕ್ಕೆ ದಿನಾ ಹೂವು ಏರುತ್ತದೆ. "ಅವರು ಎಂಥವರು ಅಂತ ನಿನಗ ಗೊತ್ತಿಲ್ಲವಾ" ಎಂದರು.

"ಗೊತ್ತಾಗಬಾರದು ಅಂತಲೇ ಅಲ್ಲೇನ್ರಿ ನಂಬರ್ ಹಾಕಿದ್ದು?"

"ನೀ ಬರದದ್ದನ್ನ ಹಂಗ ಇಟ್ಟರ ಅವರು ಪ್ರಿಂಟ್ ಮಾಡೋದಿಲ್ಲ. ನಲವತ್ತು ವರ್ಷದ ಕೆಲಸ ಇದು. ಒಂದು ಮಾತಿಗೆ ನನ್ನ ಪುಸ್ತಕ ಹೋಗ್ಲೇನು?"

ಆ ಪುಸ್ತಕದ ಬೆಲೆ ನನಗೂ ಗೊತ್ತಿತ್ತು. ಆದರೂ ಹೇಳಿದೆ. "ನಿಮ್ಮ ಪುಸ್ತಕ ಬರಲಿ ಸಾರ್. ನನ್ನ ಹೆಸರು ತೆಗೀರಿ. ಮೂವತ್ತೆರಡರಾಗೂ ತೆಗೀರಿ. ಒಂದು ಸುಳ್ಳು ಐತಿ ಅಂದಮ್ಯಾಲೆ ಉಳಿದದ್ದನ್ನ ಯಾರು ನಂಬ್ತಾರ? ನಮ್ಮವ್ವ ಅಂದ ಮಾತನ್ನೂ ನಂಬೋದಿಲ್ಲ."

ಸಾರ್ ರೆಕಾರ್ಡನ್ನು ರಟ್ಟಿನೊಳಗೆ ಹಾಕಿ ಟ್ರಂಕಿನಲ್ಲಿಟ್ಟರು. ಕೊನೆಗೆ, ಭಾನುವಾರ ವಕೀಲರ ಮನೆಯಲ್ಲಿ ಬಳಗ ಸೇರುತ್ತದೆ, ಬಂದು ಅವರ ಮುಂದೆಯೇ ಹೇಳು ಎಂದರು. ಬರ್ತೀನಿ ಎಂದು ಎದ್ದು ಬಂದೆ.

ಶನಿವಾರ ಲೈನ್ ರಿಪೇರಿ, ಬೆಳಿಗ್ಗೆ ಹತ್ತರಿಂದ ಸಂಜೆ ನಾಲ್ಕರವರೆಗೆ ಕರೆಂಟ್ ಇಲ್ಲ. ಮಿಷನ್ನಿನವರಿಗೆಲ್ಲ ರಜೆ. ಚೆಕಿಂಗಿಗೆ ಕರೆಂಟ್ ಬೇಕಿಲ್ಲ, ಬೆಳಕಿದ್ದರೆ ಸಾಕು, ಮಾಲು ಅರ್ಜೆಂಟ್ ಐತಿ ಎಂದು ನನ್ನೊಬ್ಬಳನ್ನು ಕರೆಸಿದ್ದರು. ಕಿಟಕಿ ತೆರೆದು ಕೂತೆ. ನಾಳೆ ಆ ಜನರ ಮುಂದೆ ನಿಂತು ಬಾಯಿ ಮಾಡಬೇಕಲ್ಲ, ಇನ್ನೂ ನಾಲ್ಕು ತಪ್ಪು ಹುಡುಕಿ ಇಟ್ಟುಕೊಳ್ಳೋಣ ಎಂದು ಏಳನೇ ನಂಬರು ಹಚ್ಚಿದೆ. ಕೂಗುವವರು ಯಾರೂ ಇಲ್ಲದ್ದರಿಂದ ಎರಡೂ ಕಿವಿಗೆ ಹಾಕಿಕೊಂಡೆ.

ಮೊದಲು ಕೇಳಿದ್ದು ಉಸಿರು. ಆ ಮನುಷ್ಯ ಹಾಡುವ ಮುಂಚೆ ಉಸಿರು ತೆಗೆದುಕೊಂಡದ್ದು. ಆಮೇಲೆ ದನಿ. ಶುರುವೇ ಆಗಲಿಲ್ಲ ಎಂದು ನಾನು ಬರೆದಿದ್ದೆನಲ್ಲ, ಅದು ಮೊದಲ ಗಳಿಗೆಯಲ್ಲೇ ಶುರುವಾಗಿತ್ತು. ದನಿ ಬಾವಿಯ ಮೆಟ್ಟಿಲು ಇಳಿದಂತೆ ಒಂದೊಂದೇ ಹೆಜ್ಜೆ ಕೆಳಗಿಳಿಯುತ್ತಿತ್ತು, ಕಾಲೂರಿ ನೋಡಿ, ಜಾರುವುದಿಲ್ಲ ಅಂತ ಗೊತ್ತಾದ ಮೇಲೆ ಮುಂದಿನ ಮೆಟ್ಟಿಲಿಗೆ. ತೀರಾ ತಳಕ್ಕೆ ಹೋದಾಗ ಅದು ಎಷ್ಟು ಸಣ್ಣಗಾಯಿತೆಂದರೆ ನಾನು ಪ್ಯಾಂಟು ತಿರುವುವುದನ್ನು ಬಿಟ್ಟೆ, ಬಟ್ಟೆಯ ಸದ್ದೂ ಅಡ್ಡ ಬರುತ್ತಿತ್ತು. ನಲವತ್ತು ಮಿಷನ್ನಿನ ನಡುವೆ ಈ ದನಿ ನನಗೆ ಸಿಕ್ಕೇ ಇರಲಿಲ್ಲ. ಕಣ್ಣೀರು ಬರಲಿಲ್ಲ, ಜನ್ಮ ಸಾರ್ಥಕವೂ ಆಗಲಿಲ್ಲ. ಆದರೆ ಅದು ಮುಗಿದಾಗ ಒಂದು ಗಂಟೆ ಹೋಗಿತ್ತು, ಟೇಬಲ್ ಮೇಲೆ ಒಂದೇ ಪ್ಯಾಂಟಿತ್ತು.

ನನಗೆ ಕೆಟ್ಟ ಸಿಟ್ಟು ಬಂತು. ಮೊದಲು ನನ್ನ ಮೇಲೆ. ಎದ್ದು ಓಡಾಡಿದೆ, ಸುಮ್ಮನೆ ನಿಂತ ಮಿಷನ್ನುಗಳನ್ನು ನೋಡಿದೆ. ಇಲ್ಲಿ ಕೂತು ಪಾಸ್ ಮಾಡಿದ್ದೆಲ್ಲ ಜೋರು ಸದ್ದಿನದು, ಆಲ್ಟರ್‌ಗೆ ಹಾಕಿದ್ದೆಲ್ಲ ಮೆಲ್ಲನೆಯದು ಎಂದು ಆಗ ಹೊಳೆಯಿತು. ಆ ವೀಣೆ ಏನು ಪಾಪ ಮಾಡಿತ್ತು? ಸ್ವಲ್ಪ ಹೊತ್ತಿಗೆ ಸಿಟ್ಟು ಬೇರೆ ಕಡೆ ತಿರುಗಿತು. ಮಿಷನ್ ಸದ್ದನ್ನು ನಾನು ಬೇಕೆಂದು ತಂದುಕೊಂಡದ್ದೇ?

ಮನೆಗೆ ಬಂದು ನಮ್ಮ ಯಜಮಾನರಿಗೆ ಹೇಳಿದೆ. ಅವರು ಕುಡತಿನಿಯಲ್ಲಿ ಕಲ್ಲಿದ್ದಲು ಸುಟ್ಟು ಕರೆಂಟ್ ಮಾಡುವ ಕಾರ್ಖಾನೆಯ ಬೂದಿ ಲಾರಿ ಓಡಿಸುತ್ತಾರೆ. ಅಷ್ಟು ಕರೆಂಟ್ ಮಾಡುವ ಊರಿನಿಂದ ಬಂದು ನಮ್ಮ ಕತ್ತಲೆ ಮನೆಯಲ್ಲಿ ಬೀಸಣಿಗೆ ಬೀಸಿಕೊಳ್ಳುತ್ತ ಕೂತಿದ್ದರು, ನಾಲ್ಕಕ್ಕೆ ಎಂದಿದ್ದ ಲೈನ್ ರಿಪೇರಿ ಹೊತ್ತು ಮುಳುಗಿದರೂ ಮುಗಿದಿರಲಿಲ್ಲ.

"ನಾಳಿ ಅಲ್ಲಿ ಈ ಮಾತು ತೆಗೀಬ್ಯಾಡ. ಚಲೋ ಐತಿ ಅಂದ್ಯೋ, ನೀ ಸೋತಂಗ. ಸುಮ್ನ ಹೆಸರು ತೆಗಸ್ಕೊಂಡು ಬಾ" ಎಂದರು.

ಅವರು ಹೇಳಿದ್ದರಲ್ಲಿ ತಪ್ಪೇನಿರಲಿಲ್ಲ. ನಾನು ಹೇಳದಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ಆದರೆ ಸುಳ್ಳು ಅಚ್ಚು ಹಾಕಿದಿರಿ ಎಂದು ಜಗಳಕ್ಕೆ ಹೋಗುವವಳು ನಾನು. ಹೊಟ್ಟೆಯಲ್ಲೊಂದು ಮುಚ್ಚಿಟ್ಟುಕೊಂಡು ಹೋಗುವುದು ಹೇಗೆ?

ಭಾನುವಾರ ಹನ್ನೊಂದಕ್ಕೆ ವಕೀಲರ ಮನೆಯ ಮಹಡಿ ಹತ್ತಿದೆ. ದಪ್ಪ ಪರದೆ ಎಳೆದ ಕೋಣೆ, ಎಸಿ, ಗಾದಿ, ಲೋಡು. ಬಾಗಿಲು ಹಾಕಿದರೆ ಬಳ್ಳಾರಿ ಅನ್ನುವ ಊರು ಹೊರಗಿದೆ ಅಂತಲೇ ಗೊತ್ತಾಗುವುದಿಲ್ಲ. ಗೋಡೆಯಲ್ಲಿ ಏಳನೇ ನಂಬರಿನವರ ಫೋಟೋ, ಮಲ್ಲಿಗೆ ಹಾರ. ಆರೇಳು ಜನ ಹಿರಿಯರಿದ್ದರು. ಸಾರ್ ಮೂಲೆಯಲ್ಲಿ ಹಾಳೆಗಳ ಕಟ್ಟು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು, ನನ್ನ ಕಡೆ ನೋಡಲಿಲ್ಲ.

ವಕೀಲರು ಮರ್ಯಾದೆಯಿಂದಲೇ ಕೂರಿಸಿದರು, ಚಹಾ ತರಿಸಿದರು. ಆಮೇಲೆ, "ಹೇಳ್ರಿ ಅಮ್ಮಾ, ಏನೋ ಬ್ಯಾಸರ ಮಾಡ್ಕೊಂಡೀರಂತ" ಎಂದರು.

ನಿನ್ನೆ ಆದದ್ದನ್ನು ಹೇಳಿದೆ. ಕರೆಂಟ್ ಹೋದದ್ದು, ಉಸಿರು ಕೇಳಿಸಿದ್ದು, ಒಂದು ಗಂಟೆ ಹೋದದ್ದು. ಮೊದಲು ನನಗೆ ಅದು ಕೇಳಿಸಿರಲೇ ಇಲ್ಲ, ಈಗ ಕೇಳಿಸಿತು, ಭಾಳ ಚಲೋ ಐತಿ ಎಂದೆ. ಕೋಣೆಯಲ್ಲಿ ಎಲ್ಲರ ಮುಖ ಅರಳಿತು. ವಕೀಲರು ಫೋಟೋಕ್ಕೆ ಕೈ ಮುಗಿದರು.

"ನೋಡಿದ್ರ್ಯಾ? ದಾರಿಗೆ ಬಂದ್ರಿ. ಹಂಗಾರ ತಕರಾರು ಮುಗೀತು. ಆ ಬಸ್ಸು, ಡ್ರೈವರ್ರು ಎಲ್ಲಾ ಬಿಟ್ಟು ಈ ಮಾತು ಹಾಕೋಣು."

"ಬಿಡಂಗಿಲ್ರಿ" ಎಂದೆ. "ಎರಡನ್ನೂ ಹಾಕ್ರಿ. ಮಿಷನ್ ಓಡುವಾಗ ಕೇಳಿದ್ದು ಅಂತ ಅದನ್ನ ಬರೀರಿ. ಕೆಳಗ, ಕರೆಂಟ್ ಇಲ್ಲದ ದಿನ ಕೇಳಿದ್ದು ಅಂತ ಇದನ್ನ ಬರೀರಿ."

ವಕೀಲರ ನಗು ಹೋಯಿತು. "ಅಮ್ಮಾ, ಸಂಗೀತ ಕೇಳಾಕೂ ಒಂದು ಯೋಗ್ಯತಿ ಬೇಕು. ಮಿಷನ್ ಮುಂದ ಕುಂತು ಕೇಳಿದ್ದು ಕೇಳಿದ್ದಲ್ಲ. ನೀವ ಒಪ್ಪಿದ್ರಲ್ಲ, ಏನೂ ಕೇಳಿಸಿಲ್ಲ ಅಂತ. ಇಂಥಾ ಮಹಾನುಭಾವರ ಪುಟದಾಗ ಅದನ್ನ ಅಚ್ಚು ಹಾಕಾಕ ಬರಂಗಿಲ್ಲ."

ಚಹಾದ ಲೋಟ ಕೆಳಗಿಟ್ಟೆ. ದನಿ ನಡುಗಲಿಲ್ಲ, ಅದಕ್ಕೆ ಇವತ್ತಿಗೂ ನನಗೆ ಹೆಮ್ಮೆ.

"ನಾವು ನಲವತ್ತು ಮಂದಿ ದಿನಾ ಅಲ್ಲೇ ಕುಂತಿರ್ತೀವ್ರಿ. ನಮಗ ಹಾಡು ಕೇಳಾಕ ಇರೋ ಜಾಗ ಅದೊಂದೇ. ವರ್ಷಕ್ಕೊಮ್ಮೆ ಕರೆಂಟ್ ಹೋದಾಗ ನನಗ ಈ ಹಾಡು ಸಿಕ್ತು. ಉಳಿದ ದಿನ ಸಿಗಂಗಿಲ್ಲ ಅನ್ನೋದೂ ಖರೇನ ಐತಲ್ಲ? ಅಲ್ಲಿ ಕೇಳಿದ್ದು ಕೇಳಿದ್ದಲ್ಲ ಅಂದ್ರ, ನಿಮ್ಮ ಪುಸ್ತಕ ಯಾರಿಗಂತ ಮೊದಲನೇ ಪುಟದಾಗ ಬರದುಬಿಡ್ರಿ. ಬಾಗಿಲು ಹಾಕ್ಕೊಂಡು ಕೇಳೋರಿಗಷ್ಟ ಅಂತ. ಆವಾಗ ನನ್ನ ಮಾತು ನಾನ ತೆಗೀತೀನಿ."

ವಕೀಲರು ನನ್ನ ಕಡೆ ನೋಡುವುದನ್ನು ಬಿಟ್ಟು ಸಾರ್ ಕಡೆ ತಿರುಗಿದರು.

"ಮೇಷ್ಟ್ರೇ, ನೀವ ಹೇಳ್ರಿ. ತಿದ್ದಿದ್ದು ಇದ್ದಂಗ ಇದ್ದರ ಪ್ರಿಂಟು. ಇಲ್ಲಂದ್ರ ಇಲ್ಲ."

ಸಾರ್ ಹಾಳೆಗಳ ಕಟ್ಟಿನ ಅಂಚನ್ನು ತೊಡೆಗೆ ತಟ್ಟಿ ಸಮ ಮಾಡಿಕೊಂಡರು, ಕ್ಲಾಸಿನಲ್ಲಿ ಉತ್ತರ ಪತ್ರಿಕೆಗಳನ್ನು ಮಾಡುತ್ತಿದ್ದ ಹಾಗೆ. ನಿಧಾನಕ್ಕೆ ಎದ್ದರು. ಕಟ್ಟನ್ನು ಚೀಲಕ್ಕೆ ಹಾಕಿಕೊಂಡರು. "ನಡಿಯವಾ, ಕುರುಗೋಡಿನ ಬಸ್ಸಿನ ಹೊತ್ತಾತು" ಎಂದರು.

ಹೊರಗೆ ಬಂದಾಗ ಬಿಸಿಲು ತಲೆಯ ಮೇಲೆ ಕೂತಿತು. ಬಸ್‌ಸ್ಟ್ಯಾಂಡಿನವರೆಗೂ ಸಾರ್ ಚೀಲವನ್ನು ಎದೆಗೆ ಅವಚಿಕೊಂಡು ನಡೆದರು. ನಲವತ್ತು ವರ್ಷದ ಅವರ ಪುಸ್ತಕವನ್ನು ನಾನು ಒಂದು ಬೆಳಿಗ್ಗೆಯಲ್ಲಿ ಮುಳುಗಿಸಿದ್ದೆ. ತಪ್ಪು ಮಾಡಿದೆ ಎಂದು ಅನಿಸಲಿಲ್ಲ, ಆದರೆ ಬಸ್ಸಿನ ಕಿಟಕಿಯಲ್ಲಿ ಆ ಬಿಳಿ ತಲೆ ಕಂಡಾಗ ನಾನು ಕೈ ಎತ್ತಿದೆ. ಅವರು ಕೈ ಎತ್ತಲಿಲ್ಲ. ಬಸ್ಸು ಹೋಯಿತು.

ಒಂದು ತಿಂಗಳು ಫೋನ್ ಇಲ್ಲ. ನಾನೇ ಮಾಡೋಣವೆಂದು ಎಷ್ಟೋ ಸಲ ನಂಬರ್ ತೆಗೆದು ಬಿಟ್ಟೆ. ಜೂನ್ ಕೊನೆಗೆ ಒಂದು ಮಧ್ಯಾಹ್ನ ನಾಲ್ಕು ಹನಿ ಉದುರಿ ಯೂನಿಟ್ಟಿನ ಸೂರು ಟಣಟಣ ಅನ್ನುತ್ತಿರುವಾಗ, ಖಾಜಾಸಾಬರು ಒಂದು ಪಾರ್ಸೆಲ್ ತಂದು ಟೇಬಲ್ ಮೇಲಿಟ್ಟರು. ಕುರುಗೋಡಿನ ಅಂಗಡಿಯಲ್ಲಿ ಜೆರಾಕ್ಸ್ ಮಾಡಿಸಿ, ಸ್ಪೈರಲ್ ಹಾಕಿಸಿದ ಪುಸ್ತಕ. ಕವರಿಗೆ ಬಣ್ಣವಿಲ್ಲ, ಬಳಗದ ಹೆಸರಿಲ್ಲ. ಹುಡುಗಿಯರು ಮಿಷನ್ ನಿಲ್ಲಿಸಿ ಬಂದರು.

ನಾನು ಏಳನೇ ನಂಬರಿನ ಪುಟ ತೆಗೆದೆ. ಆನಂದಬಾಷ್ಪದ ಮೇಲೆ ಪೆನ್ನಿನ ಗೆರೆ ಬಿದ್ದಿತ್ತು. ಅದರ ಕೆಳಗೆ ಸಾರ್ ಕೈಬರಹದಲ್ಲಿ ನನ್ನ ಎರಡೂ ಮಾತು, ಒಂದಕ್ಕೆ ಮಿಷನ್ ಓಡುವಾಗ, ಇನ್ನೊಂದಕ್ಕೆ ಕರೆಂಟ್ ಇಲ್ಲದಾಗ ಎಂದು ಬರೆದಿದ್ದರು. ಆಮೇಲೆ ಪುಟದ ಮೇಲ್ಭಾಗ ನೋಡಿದೆ. ಸಾರ್ ಲೇಖನ, "ಈ ಗಾಯನವನ್ನು ಮೊದಲ ಸಲ ಕೇಳಿದ ಕ್ಷಣದಲ್ಲೇ ನಾನು ಬೇರೊಂದು ಲೋಕಕ್ಕೆ ಹೋದೆ" ಎಂದು ಶುರುವಾಗುತ್ತಿತ್ತು. ಆ ಸಾಲನ್ನೂ ಹೊಡೆದು ಹಾಕಿದ್ದರು. ಪಕ್ಕದ ಖಾಲಿ ಜಾಗದಲ್ಲಿ, ಬೋರ್ಡಿನ ಮೇಲೆ ಬರೆಯುತ್ತಿದ್ದ ಅದೇ ದುಂಡು ಅಕ್ಷರದಲ್ಲಿ ಹೀಗಿತ್ತು:

"ಕುರುಗೋಡು, ಮನೆಯಲ್ಲಿ, ಮಧ್ಯಾಹ್ನ ಊಟವಾದ ಮೇಲೆ. ಮೊದಲ ಸಲ ಕೇಳಿದಾಗ ನನಗೆ ನಿದ್ದೆ ಹತ್ತಿತ್ತು. ಇಲ್ಲಿಯವರೆಗೆ ಯಾರಿಗೂ ಹೇಳಿರಲಿಲ್ಲ."